ಗ್ಯಾಸ್ ತುಂಬಿಸುವ ಮೊದಲು: ಹಳೆಯ ಸಣ್ಣ ಕಾರಿನ ಎಸಿ, ಹೀಟರ್ ದೋಷ ಹುಡುಕುವ ಬಗೆ

ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿಯುವ ಹೊತ್ತಿಗೆ ಗದಗ ಜಿಲ್ಲೆಯ ರೋಣ ಸೀಮೆಯಲ್ಲಿ ಬಿಸಿಲು ಏರತೊಡಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ತಾಪ 40 ಡಿಗ್ರಿಯ ಹತ್ತಿರ ಹೋಗುವುದು ಇಲ್ಲಿ ಹೊಸ ಸಂಗತಿಯಲ್ಲ. ಅಸೂಟಿಯಂಥ ಊರಿನಲ್ಲಿ ಕಾರು ಎಂದರೆ ಹೆಚ್ಚಾಗಿ ಎರಡನೆಯ, ಮೂರನೆಯ ಕೈಗೆ ಬಂದ ಸಣ್ಣ ಗಾಡಿ: ಆಲ್ಟೊ, ವ್ಯಾಗನಾರ್, ಸ್ಯಾಂಟ್ರೊ, ಇಂಡಿಕಾ, ಅಲ್ಲೊಂದು ಇಲ್ಲೊಂದು ಮಾರುತಿ 800. 1983ರಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಹಾಗಾಗಿ ಅದರ ತೀರ ಕೊನೆಯ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ವಯಸ್ಸಾದವರನ್ನು ಗದಗಿನ ಆಸ್ಪತ್ರೆಗೆ ಕರೆದೊಯ್ಯಲು, ಬೇಸಿಗೆಯ ಲಗ್ನಗಳಿಗೆ ಕೂಸು ಕುನ್ನಿ ಕರಕೊಂಡು ಹೋಗಲು ಇದೇ ಗಾಡಿ ಆಧಾರವಾದ ಮನೆಯಲ್ಲಿ ಎಸಿ ಎಂಬುದು ಶೋಕಿಯ ವಸ್ತುವಲ್ಲ. ಅದು ಬಿಸಿಗಾಳಿ ಊದತೊಡಗಿದಾಗ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಒಂದೇ: ‘ಗ್ಯಾಸ್ ಖಾಲಿ ಆಗೇತ್ರಿ, ತುಂಬಿಸಿದ್ರ ಸಾಕು.’ ಈ ತೀರ್ಪು ಕೆಲವು ಸಲ ನಿಜ, ಬಹಳ ಸಲ ಅರ್ಧ ನಿಜ, ಎಷ್ಟೋ ಸಲ ಪೂರ್ತಿ ತಪ್ಪು. ಗ್ಯಾಸನ್ನು ಮೊದಲು ಅನುಮಾನಿಸುವುದಲ್ಲ, ಕೊನೆಗೆ ಅನುಮಾನಿಸಬೇಕು ಎಂಬುದೇ ಈ ಲೇಖನದ ವಾದ. ಅದಕ್ಕೂ ಮೊದಲು ಪರೀಕ್ಷಿಸಬೇಕಾದ ಸಂಗತಿಗಳಲ್ಲಿ ಹೆಚ್ಚಿನವಕ್ಕೆ ಯಂತ್ರ ಬೇಕಿಲ್ಲ. ಕೈ, ಕಿವಿ, ಒಂದು ಅಗ್ಗದ ಥರ್ಮಾಮೀಟರ್ ಸಾಕು.

ಎಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ತೀರುವುದಿಲ್ಲ. ಬಾವಿಯ ರಾಟೆಗೆ ಹಾಕಿದ ಹಗ್ಗ ಎಷ್ಟು ಕೊಡ ಸೇದಿದರೂ ಗೇಣಷ್ಟೂ ಕಡಿಮೆಯಾಗದ ಹಾಗೆ ಅದು ಮುಚ್ಚಿದ ದಾರಿಯಲ್ಲಿ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಒತ್ತಿದ್ದು ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಆ ಕಾವನ್ನು ಹೊರಗಿನ ಗಾಳಿಗೆ ಬಿಟ್ಟು ಗ್ಯಾಸನ್ನು ದ್ರವ ಮಾಡುತ್ತದೆ. ಡ್ರೈಯರ್ ಅದರಲ್ಲಿನ ತೇವ ಹೀರುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ಕಿಂಡಿ ದಾಟಿದ ಮೇಲೆ ಒತ್ತಡ ಇಳಿದು, ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಆ ದ್ರವ ಕುದಿಯುತ್ತದೆ. ಇಂದಿನ ಹೆಚ್ಚಿನ ಹಳೆಯ ಕಾರುಗಳಲ್ಲಿರುವ ಆರ್-134ಎ ಗ್ಯಾಸು ಬಯಲಿನ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದು. ಕುದಿಯಲು ಬೇಕಾದ ಕಾವನ್ನು ಕಾರಿನೊಳಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಇಷ್ಟು ತಿಳಿದರೆ ಒಂದು ಮಾತು ಸ್ಪಷ್ಟ. ಗ್ಯಾಸು ಕಡಿಮೆಯಾಗಿದ್ದರೆ ಅದು ಎಲ್ಲೋ ಸೋರಿರಬೇಕು. ಗ್ಯಾಸು ಸರಿಯಾಗಿಯೇ ಇದ್ದು ತಂಪು ಇಲ್ಲದಿದ್ದರೆ, ಕಾವನ್ನು ಒಳಗಿನಿಂದ ಎತ್ತುವಲ್ಲಿ, ಹೊರಗೆ ಬಿಡುವಲ್ಲಿ, ಇಲ್ಲವೆ ಬೇಡದ ಕಾವು ಒಳಗೆ ಬೆರೆಯುವಲ್ಲಿ ದೋಷವಿರಬೇಕು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ತಂಪು ಮಾಡುವ ಕಾಯಿಲು, ಬಿಸಿ ಮಾಡುವ ಹೀಟರ್ ಕಾಯಿಲು ಎರಡೂ ಒಂದೇ ಗಾಳಿದಾರಿಯಲ್ಲಿ, ಒಂದರ ಪಕ್ಕ ಒಂದು ಕೂತಿರುತ್ತವೆ. ಒಂದೇ ಬ್ಲೋವರ್ ಎರಡರ ಮೇಲೂ ಗಾಳಿ ಊದುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಗಾಳಿಯದು. ಊದುವ ಗಾಳಿ ಕಡಿಮೆಯೋ, ಊದುವ ಗಾಳಿ ಬಿಸಿಯೋ? ಇವೆರಡೂ ಬೇರೆ ಬೇರೆ ರೋಗ. ಫ್ಯಾನ್ ಒಂದು, ಎರಡು, ಮೂರರಲ್ಲಿ ತಿರುಗದೆ ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ಬ್ಲೋವರಿನ ರೆಸಿಸ್ಟರ್ ಸುಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಅದು ಸಣ್ಣ ಬಿಡಿಭಾಗ. ಯಾವ ವೇಗದಲ್ಲೂ ತಿರುಗದಿದ್ದರೆ ಫ್ಯೂಸ್, ಸ್ವಿಚ್ಚು, ವೈರಿನ ಕೀಲು, ಕೊನೆಗೆ ಮೋಟಾರು. ಫ್ಯಾನಿನ ಸದ್ದು ಜೋರಿದ್ದು ಗಾಳಿ ಮಾತ್ರ ಸಣ್ಣಗೆ ಬಂದರೆ ದಾರಿ ಕಟ್ಟಿದೆ. ಹಳೆಯ ಸಣ್ಣ ಕಾರುಗಳಲ್ಲಿ ಹಲವಕ್ಕೆ ಕ್ಯಾಬಿನ್ ಫಿಲ್ಟರ್ ಇರಲೇ ಇಲ್ಲ. ಎರಿಭೂಮಿಯ ಸಣ್ಣ ಧೂಳು ಫಿಲ್ಟರ್ ಇಲ್ಲದ ಗಾಡಿಯಲ್ಲಿ ನೇರ ಹೋಗಿ ಒದ್ದೆಯಾದ ಕೂಲಿಂಗ್ ಕಾಯಿಲಿನ ಮೇಲೆ ಕೂರುತ್ತದೆ, ನೀರು ಸೇರಿ ಕೆಸರಾಗುತ್ತದೆ, ಒಣಗಿ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಹೀಗಾದ ಕಾಯಿಲಿಗೆ ಎಷ್ಟು ಗ್ಯಾಸ್ ಹಾಕಿದರೂ ಗಾಳಿ ದಾಟಲು ಸಂದೇ ಇರುವುದಿಲ್ಲ. ಇನ್ನೊಂದು ಲಕ್ಷಣವೂ ಇದೆ. ಹೊರಟ ಅರ್ಧ ಗಂಟೆ ಚೆನ್ನಾಗಿ ತಂಪಾಗಿ, ಆಮೇಲೆ ಗಾಳಿಯೇ ನಿಂತಂತಾಗಿ, ಎಸಿ ಬಟನ್ ತೆಗೆದು ಬರೀ ಫ್ಯಾನ್ ಹದಿನೈದು ನಿಮಿಷ ಓಡಿಸಿದರೆ ಮತ್ತೆ ಗಾಳಿ ಬಂದರೆ, ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ ಎಂದರ್ಥ. ಕಾಯಿಲು ಅತಿ ತಂಪಾದಾಗ ಕಂಪ್ರೆಸರನ್ನು ನಿಲ್ಲಿಸಬೇಕಾದ ಸೆನ್ಸರ್ ಕೆಟ್ಟಿರಬಹುದು, ಧೂಳಿನಿಂದ ಗಾಳಿ ಕುಂದಿರಬಹುದು, ಗ್ಯಾಸಿನ ಪ್ರಮಾಣವೂ ಹೆಚ್ಚುಕಡಿಮೆ ಆಗಿರಬಹುದು. ಯಾವುದೇ ಆಗಲಿ, ಹುಡುಕದೆ ಇನ್ನಷ್ಟು ಗ್ಯಾಸ್ ಹಾಕುವುದು ಇದಕ್ಕೆ ಮದ್ದಲ್ಲ.

ಗಾಳಿ ಜೋರಾಗಿಯೇ ಬಂದು ಬಿಸಿ ಇದ್ದರೆ ಮುಂದಿನ ಪ್ರಶ್ನೆ ಹೀಟರಿನದು. ನಮ್ಮ ಸೀಮೆಯಲ್ಲಿ ಹೀಟರ್ ಬಳಸುವ ದಿನಗಳು ಬೆರಳೆಣಿಕೆಯಷ್ಟು. ಬಳಸದೆ ಬಿಟ್ಟ ಯಂತ್ರ ಕೆಡುವುದು ಸಹಜ. ಬಿಸಿ-ತಂಪಿನ ಕಡ್ಡಿಯನ್ನು ನೀಲಿಯ ಕಡೆಗೆ ಸರಿಸಿದಾಗ ಒಳಗಿನ ತಂತಿ ಎಳೆದು, ಕೆಲವು ಮಾದರಿಗಳಲ್ಲಿ ಬಿಸಿನೀರಿನ ಕಾಕ್ ಮುಚ್ಚುತ್ತದೆ, ಕೆಲವಲ್ಲಿ ಗಾಳಿಯ ಬಾಗಿಲು ಮಾತ್ರ ಹೊರಳುತ್ತದೆ. ತಂತಿ ತುಕ್ಕು ಹಿಡಿದಿದ್ದರೆ, ಕ್ಲಿಪ್ಪಿನಿಂದ ಕಳಚಿದ್ದರೆ, ಬಾಗಿಲಿನ ಅಂಚಿನ ಸ್ಪಂಜು ಉದುರಿಹೋಗಿದ್ದರೆ ಕಡ್ಡಿ ನೀಲಿಯಲ್ಲಿದ್ದರೂ ಒಳಗೆ ಬಿಸಿ ಬೆರೆಯುತ್ತಲೇ ಇರುತ್ತದೆ. ಎಂಜಿನ್ನಿನ ನೀರು 80, 90 ಡಿಗ್ರಿ ಬಿಸಿ. ಅದರ ಒಂದು ಸಣ್ಣ ಪಾಲು ಬೆರೆತರೂ ಎಸಿಯ ದುಡಿಮೆ ನೀರುಪಾಲು. ಇದನ್ನು ಪತ್ತೆ ಮಾಡುವುದು ಸುಲಭ, ಖರ್ಚೂ ಇಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಸಿ ಬಂದ್ ಮಾಡಿ, ಕಡ್ಡಿ ನೀಲಿಯ ತುದಿಗಿಟ್ಟು, ಹೊರಗಿನ ಗಾಳಿ ಎಳೆಯುವ ಹಾಗೆ ಮಾಡಿ ಗಾಡಿ ಓಡುತ್ತಿರುವಾಗ ಬರೀ ಫ್ಯಾನ್ ಹಾಕಿಸಿ. ಬರುವ ಗಾಳಿ ಹೊರಗಿನ ಗಾಳಿಗಿಂತ ಒಂದೆರಡು ಡಿಗ್ರಿ ಹೆಚ್ಚಿದ್ದರೆ ಸಹಜ. ಹತ್ತು ಹದಿನೈದು ಡಿಗ್ರಿ ಹೆಚ್ಚಿದ್ದರೆ ಹೀಟರ್ ಮುಚ್ಚಿಲ್ಲ. ಇನ್ನೂ ಒಂದು ಸಾಕ್ಷಿ ಬೆಳಗಿನ ಹೊತ್ತು ಸಿಗುತ್ತದೆ: ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೆ ಎಸಿ ಚೆನ್ನಾಗಿ ತಂಪು ಕೊಟ್ಟು, ಟೆಂಪರೇಚರ್ ಮುಳ್ಳು ಏರಿದ ಹಾಗೆಲ್ಲ ಗಾಳಿ ಬೆಚ್ಚಗಾಗುತ್ತ ಬಂದರೆ ಅನುಮಾನ ಮೊದಲು ಹೀಟರಿನ ಮೇಲೆ ಹೋಗಬೇಕು. ಹೊರಗಿನ ಗಾಳಿಯನ್ನು ತಡೆದು ಒಳಗಿನದನ್ನೇ ತಿರುಗಿಸುವ ಬಾಗಿಲನ್ನೂ ಇದೇ ಹೊತ್ತಿಗೆ ನೋಡಿ. ಅದು ಮುಚ್ಚದಿದ್ದರೆ ಒಳಗೆ ಬಂದ 40 ಡಿಗ್ರಿಯ ಗಾಳಿಯನ್ನೇ ಎಸಿ ಮತ್ತೆ ಮತ್ತೆ ಮೊದಲಿನಿಂದ ತಂಪು ಮಾಡುತ್ತ ಕೂರಬೇಕಾಗುತ್ತದೆ.

ಇನ್ನು ಕಂಡೆನ್ಸರ್. ಈ ಭಾಗದ ಗಾಡಿಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಇದನ್ನೇ. ಸುಗ್ಗಿಯಲ್ಲಿ ನಮ್ಮ ಡಾಂಬರು ರಸ್ತೆಗಳೇ ಕಣವಾಗುತ್ತವೆ. ಕಡಲೆಯ ಹೊಟ್ಟು, ಜೋಳದ ಸುಂಕು, ಸೂರ್ಯಕಾಂತಿಯ ತರಗು ಹರಡಿದ ರಸ್ತೆಯ ಮೇಲೆ ಹಾದುಹೋಗುವ ಕಾರು ಮೂಗಿನಲ್ಲಿ ಅದನ್ನೆಲ್ಲ ಎಳೆದುಕೊಳ್ಳುತ್ತದೆ. ಹಿಂದಿನಿಂದ ರೇಡಿಯೇಟರ್ ಫ್ಯಾನ್ ಜಗ್ಗುವುದರಿಂದ ಹೊಟ್ಟು ಕಂಡೆನ್ಸರಿನ ಸಂದುಗಳಲ್ಲಿ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಇಕ್ಕಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಮುಂದಿನಿಂದ ಇಣುಕಿದರೆ ಸ್ವಚ್ಛವಾಗಿ ಕಾಣುವ ಕಂಡೆನ್ಸರಿನ ಬೆನ್ನಿಗೆ ಹೊಟ್ಟಿನ ಹೊದಿಕೆ ಇರಬಹುದು. ಕಾವು ಹೊರಗೆ ಹೋಗದೆ ಒತ್ತಡ ಏರುತ್ತದೆ, ತಂಪು ಕುಸಿಯುತ್ತದೆ, ಎಂಜಿನ್ನೂ ಬಿಸಿಯಾಗುತ್ತದೆ. ರಾಶಿಯ ಕಾಲ ಮುಗಿದ ಕೂಡಲೆ ಬೇಸಿಗೆ ಶುರುವಾಗುವುದರಿಂದ ಈ ದೋಷ ಹೊರಬೀಳುವುದು ಏಪ್ರಿಲ್‌ನಲ್ಲಿ, ಆಗ ಅದರ ಆರೋಪವೆಲ್ಲ ಗ್ಯಾಸಿನ ಮೇಲೆ. ಲಕ್ಷಣ ಗುರುತಿಸುವುದು ಕಷ್ಟವಲ್ಲ. ನರಗುಂದದ ಹೆದ್ದಾರಿಯಲ್ಲಿ ಓಡುವಾಗ ತಂಪು, ಗಜೇಂದ್ರಗಡದ ಸಂತೆಯ ದಟ್ಟಣೆಯಲ್ಲಿ ನಿಂತಾಗ ಬಿಸಿ ಎಂದಾದರೆ ಗ್ಯಾಸಿಗಿಂತ ಮೊದಲು ಕಂಡೆನ್ಸರನ್ನೂ ಅದರ ಫ್ಯಾನನ್ನೂ ನೋಡಬೇಕು. ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಮುಂದಿನ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರು ಈ ಕ್ರಮದಲ್ಲಿ ತಪಾಸಣೆ. ಫ್ಯಾನ್ ಸರಿಯಿದ್ದರೆ, ಎಂಜಿನ್ ಆರಿಸಿ ತಣ್ಣಗಾದ ಮೇಲೆ ಒಂದು ಲೋಟ ನೀರನ್ನು ಕಂಡೆನ್ಸರಿಗೆ ಸಣ್ಣಗೆ ಚಿಮುಕಿಸಿ, ಮತ್ತೆ ಚಾಲೂ ಮಾಡಿ ನೋಡಿ. ಕೆಲ ನಿಮಿಷ ತಂಪು ಗಮನಾರ್ಹವಾಗಿ ಹೆಚ್ಚಿದರೆ ದೋಷ ಕಾವು ಹೊರಹಾಕುವ ಕಡೆಯೇ ಇದೆ. ತೊಳೆಯುವಾಗ ಎಚ್ಚರ ಬೇಕು. ವಾಶಿಂಗ್ ಸೆಂಟರಿನ ಜೋರು ಪೈಪನ್ನು ನೇರ ಹತ್ತಿರ ಹಿಡಿದರೆ ಅಲ್ಯುಮಿನಿಯಂ ರೆಕ್ಕೆಗಳು ಮಡಚಿ ಇದ್ದ ಸಂದೂ ಮುಚ್ಚುತ್ತದೆ. ಮನೆಯ ನಲ್ಲಿಯ ಪೈಪು, ಮೆತ್ತನೆಯ ಬ್ರಷ್ಷು, ಸಾಧ್ಯವಾದರೆ ಎಂಜಿನ್ ಕಡೆಯಿಂದ ಹೊರಮುಖವಾಗಿ ನೀರು, ಇಷ್ಟು ಸಾಕು.

ಕಂಪ್ರೆಸರ್ ದುಡಿಯುತ್ತಿದೆಯೇ ಎಂಬುದನ್ನು ಕಿವಿ ಹೇಳುತ್ತದೆ. ಬಟನ್ ಒತ್ತಿದಾಗ ‘ಟಕ್’ ಎಂಬ ಸದ್ದು ಬಂದು, ಎಂಜಿನ್ನಿನ ಓಟ ಕ್ಷಣ ಕುಗ್ಗಿ ಸುಧಾರಿಸಿಕೊಳ್ಳುತ್ತದೆ. ಪುಲ್ಲಿಯ ಮುಂದಿನ ತಟ್ಟೆ ಪುಲ್ಲಿಯ ಜೊತೆಗೆ ತಿರುಗತೊಡಗುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಕ್ಲಚ್ಚಿನ ವೈರು, ಪ್ರೆಶರ್ ಸ್ವಿಚ್ಚು. ಬೆಳಗ್ಗೆ ಹಿಡಿದು ಮಧ್ಯಾಹ್ನ ಬಿಡುವ ಕ್ಲಚ್ಚಿನಲ್ಲಿ ತಟ್ಟೆ ಸವೆದು ಅಂತರ ಹೆಚ್ಚಿರುವ ಸಾಧ್ಯತೆ ದೊಡ್ಡದು. ವಾಶರ್ ತೆಗೆದು ಅಂತರ ಸರಿಪಡಿಸಬಹುದಾದ ದೋಷಕ್ಕೆ ಇಡೀ ಕಂಪ್ರೆಸರ್ ಬದಲಿಸುವುದು ಅನ್ಯಾಯ. ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿದ್ದರೆ ಮಾತ್ರ ಗ್ಯಾಸು ಕಡಿಮೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಬಾನೆಟ್ ತೆರೆದು ನೋಡುವಾಗ ಹೆಗಲ ಟವಲ್ಲು, ಧೋತರದ ಚುಂಗು, ಸೀರೆಯ ಸೆರಗು ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಫ್ಯಾನು ತಾನಾಗಿ ಯಾವಾಗ ಬೇಕಾದರೂ ತಿರುಗಬಹುದು. ಎಸಿ ಓಡುವಾಗ ಅದರ ದಪ್ಪ ಪೈಪು ತಣ್ಣಗೆ, ಸಣ್ಣ ಪೈಪು ಬೆಚ್ಚಗೆ ಇರಬೇಕು. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪು ಮಾತ್ರ ಕೈ ಸುಡುವಷ್ಟು ಕಾದಿರುತ್ತದೆ, ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಸಿಗದಿದ್ದರೆ ಆಗ ಗ್ಯಾಸಿನ ಸರದಿ. ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ‘ತುಂಬಿಸಿದ ಮೇಲೆ ತಂಪಾಯಿತಲ್ಲ, ಅಂದ ಮೇಲೆ ಅದೇ ರೋಗವಾಗಿತ್ತು’ ಎನ್ನುವವರಿದ್ದಾರೆ. ತಂಪಾಯಿತು ನಿಜ, ಆದರೆ ಹೋದ ಗ್ಯಾಸು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ರಬ್ಬರ್ ಪೈಪುಗಳಿಂದ, ಕಂಪ್ರೆಸರಿನ ಶಾಫ್ಟ್ ಸೀಲಿನಿಂದ ಹಳೆಯ ಗಾಡಿಯಲ್ಲಿ ಕೊಂಚ ಕೊಂಚ ಜಿನುಗುವುದು ಇದ್ದದ್ದೇ, ಅದನ್ನು ಒಪ್ಪಬೇಕು. ಹಲವು ವರ್ಷಕ್ಕೊಮ್ಮೆ ತುಂಬಿಸುವ ಗಾಡಿಯ ಬಗ್ಗೆ ತಕರಾರಿಲ್ಲ. ಪ್ರತಿ ಬೇಸಿಗೆಗೂ ತುಂಬಿಸಬೇಕಾಗಿ ಬಂದರೆ ಅದು ಸೋರಿಕೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಗೆ ಹೋಗುತ್ತದೆ. ಎಣ್ಣೆ ಇಲ್ಲದೆ ತಿರುಗಿದ ಕಂಪ್ರೆಸರ್ ಒಂದು ದಿನ ಬಿಗಿದು ನಿಂತರೆ ಅದರ ಲೋಹದ ಪುಡಿ ಕಂಡೆನ್ಸರ್, ವಾಲ್ವುಗಳಿಗೂ ಹರಡುತ್ತದೆ. ಆಗಿನ ಖರ್ಚು ಹಳೆಯ ಗಾಡಿಯ ಬೆಲೆಗೇ ಸವಾಲು ಹಾಕುವಂಥದು. ಸೋರಿಕೆಯಿಂದ ಹಾನಿ ಅನುಭವಿಸುವುದು ಕಿಸೆ ಮಾತ್ರವಲ್ಲ. ಒಂದು ಕೆಜಿ ಆರ್-134ಎ ಭೂಮಿಯನ್ನು ಕಾಯಿಸುವ ಶಕ್ತಿಯಲ್ಲಿ ಸುಮಾರು 1,400 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಸಣ್ಣ ಕಾರಿನಲ್ಲಿರುವ ಅರ್ಧ ಕೆಜಿಯ ಆಸುಪಾಸಿನ ಗ್ಯಾಸು ಗಾಳಿಗೆ ಹೋದರೆ, ಹತ್ತಿರ ಹತ್ತಿರ 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹೊರೆ. ಓಜೋನ್ ಪದರವನ್ನು ಕೊರೆಯುತ್ತಿದ್ದ ಹಳೆಯ ಆರ್-12 ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕೈಬಿಟ್ಟು ಇದನ್ನು ತಂದರು. 2016ರ ಕಿಗಾಲಿ ತಿದ್ದುಪಡಿ ಈಗ ಇದನ್ನೂ ಹಂತಹಂತವಾಗಿ ಕಡಿಮೆ ಮಾಡಲು ಹೇಳುತ್ತದೆ.

ಸೋರಿಕೆ ಎಲ್ಲಿ ಎಂದು ಹುಡುಕಲು ನಮ್ಮ ಧೂಳೇ ನೆರವಾಗುತ್ತದೆ. ಎಣ್ಣೆ ಜಿನುಗಿದ ಕೀಲಿನ ಸುತ್ತ ಎರಿಯ ಧೂಳು ಅಂಟಿ ಕಪ್ಪು ಜಿಡ್ಡು ಕಟ್ಟಿರುತ್ತದೆ. ಪೈಪಿನ ಕೀಲುಗಳು, ಕಂಪ್ರೆಸರಿನ ಮೂತಿ, ಕಂಡೆನ್ಸರಿನ ಕೆಳಅಂಚು, ಗ್ಯಾಸ್ ತುಂಬುವ ಮೂತಿಯ ಮುಚ್ಚಳ ಇವನ್ನು ಹಗಲು ಬೆಳಕಿನಲ್ಲಿ ನೋಡಿ, ಜಿಡ್ಡಿದ್ದ ಜಾಗದ ಫೋಟೊ ತೆಗೆದು ಮೆಕ್ಯಾನಿಕ್ಕಿಗೆ ತೋರಿಸಿ. ಸೋಪಿನ ನೊರೆಯಿಂದಲೂ ದೊಡ್ಡ ಸೋರಿಕೆ ಗೊತ್ತಾಗುತ್ತದೆ. ಮುಂದಿನದು ಯಂತ್ರವಿರುವವರ ಕೆಲಸ. ಕೀಲು ಸಡಿಲಿಸುವ ಸಾಹಸ ಮನೆಯಲ್ಲಿ ಬೇಡ, ಚಿಮ್ಮಿದ ಗ್ಯಾಸು ಕಣ್ಣನ್ನೂ ಚರ್ಮವನ್ನೂ ಹೆಪ್ಪುಗಟ್ಟಿಸಬಲ್ಲದು. ಆದರೆ ಯಂತ್ರದ ಮಾತನ್ನು ಓದಲು ಮಾಲೀಕರಿಗೂ ಬರಬೇಕು. ಎಂಜಿನ್ ಆರಿಸಿದ ಗಾಡಿಗೆ ಗೇಜು ಹಚ್ಚಿ ‘ಪ್ರೆಶರ್ ಐತಿ, ಗ್ಯಾಸ್ ಫುಲ್ ಐತಿ’ ಎಂದರೆ ನಂಬಲಾಗದು. ಒಳಗೆ ತುಸುವೇ ದ್ರವ ಉಳಿದಿದ್ದರೂ 30 ಡಿಗ್ರಿಯಲ್ಲಿ ಒತ್ತಡ 95 ಪಿಎಸ್‌ಐ ಮೇಲೆಯೇ ಇರುತ್ತದೆ, 40 ಡಿಗ್ರಿಯಲ್ಲಿ 130ರ ಮೇಲೆ. ಅದು ಬಿಸಿಲಿನ ಅಳತೆಯೇ ಹೊರತು ಗ್ಯಾಸಿನ ಪ್ರಮಾಣದ ಅಳತೆಯಲ್ಲ. ಎಸಿ ಓಡುವಾಗ ಎರಡೂ ಕಡೆಯ ಒತ್ತಡ ಒಟ್ಟಿಗೆ ನೋಡಬೇಕು. ಎರಡೂ ಕಡಿಮೆ ಇದ್ದರೆ ಗ್ಯಾಸು ಕಡಿಮೆ. ಎರಡೂ ಅತಿ ಹೆಚ್ಚಿದ್ದರೆ ಗ್ಯಾಸು ಅತಿಯಾಗಿದೆ, ಇಲ್ಲವೆ ಕಂಡೆನ್ಸರ್ ಕಟ್ಟಿದೆ. ಒಂದು ಏರದೆ ಇನ್ನೊಂದು ಇಳಿಯದೆ ಎರಡೂ ಹತ್ತಿರ ಹತ್ತಿರ ಇದ್ದರೆ ಕಂಪ್ರೆಸರಿಗೆ ಒತ್ತುವ ಬಲ ಉಳಿದಿಲ್ಲ.

ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಅರ್ಧ ಗಂಟೆಯಾದರೂ ಗಾಳಿ, ತೇವ ತೆಗೆಯಬೇಕು, ಪಂಪ್ ನಿಲ್ಲಿಸಿ ಮುಳ್ಳು ಅಲ್ಲೇ ನಿಲ್ಲುತ್ತದೆಯೇ ಎಂದು ಕಾಯಬೇಕು. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಮುಳ್ಳು ಪಾದರಸದ 28 ಇಂಚಿನ ಹತ್ತಿರಕ್ಕೇ ನಿಲ್ಲುವುದು ಸಹಜ. 30 ಮುಟ್ಟಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಆಮೇಲೆ ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ಬರೆದ ಗ್ರಾಂ ಲೆಕ್ಕಕ್ಕೆ ತೂಗಿ ತುಂಬಬೇಕು. ಅಗ್ಗದ ಗ್ಯಾಸ್ ಡಬ್ಬಿಗಳ ವಿಷಯದಲ್ಲಿ ಕಟುವಾಗಿಯೇ ಹೇಳಬೇಕು: ಅಡುಗೆ ಅನಿಲದ ಜಾತಿಯ, ಹೊತ್ತಿಕೊಳ್ಳುವ ಗ್ಯಾಸನ್ನು ಇಂಥ ಕಾರಿಗೆ ತುಂಬುವುದು ಕೂತವರ ಜೀವದ ಜೊತೆ ಚೆಲ್ಲಾಟ. ಡಬ್ಬಿಯ ಮೇಲೆ ಆರ್-134ಎ ಎಂದಿದೆಯೇ ಎಂದು ನೋಡಿಯೇ ಒಪ್ಪಿಗೆ ಕೊಡಿ.

ಕೆಳಗೆ ಹನಿಯುವ ನೀರಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಏಪ್ರಿಲ್‌ನ ಒಣಹವೆಯಲ್ಲಿ ಚೆನ್ನಾಗಿರುವ ಎಸಿ ಕೂಡ ಹೆಚ್ಚು ನೀರು ಬಿಡುವುದಿಲ್ಲ. ಮಳೆಗಾಲದಲ್ಲಿ ಅದೇ ಗಾಡಿ ಧಾರೆ ಬಿಡುತ್ತದೆ. ನೀರು ಹೊರಗೆ ಹೋಗದೆ ಪಕ್ಕದ ಸೀಟಿನ ಕಾಲಡಿ ಒದ್ದೆಯಾದರೆ ಡ್ರೇನ್ ಪೈಪು ಕಟ್ಟಿದೆ. ಆ ಒದ್ದೆ ಅಂಟಂಟಾಗಿ, ಬಣ್ಣವಾಗಿ, ಸಿಹಿ ವಾಸನೆ ಬಂದರೆ ಅದು ಎಸಿಯ ನೀರಲ್ಲ, ಹೀಟರ್ ಕಾಯಿಲು ಒಡೆದು ಬರುತ್ತಿರುವ ಕೂಲಂಟ್. ಅದನ್ನು ಅಲಕ್ಷಿಸಿದರೆ ಎಂಜಿನ್ನೇ ಬೇಯುತ್ತದೆ.

ಹೀಟರ್ ನಮಗೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಡಿಸೆಂಬರಿನ ನಸುಕಿನಲ್ಲಿ, ಜಡಿಮಳೆಯಲ್ಲಿ ಮುಂದಿನ ಗಾಜು ಮಬ್ಬಾದಾಗ ಅದನ್ನು ತಿಳಿಯಾಗಿಸುವುದು ಒಣಗಿಸಿದ, ಬೆಚ್ಚಗಿನ ಗಾಳಿ. ಅದಕ್ಕೆ ಎಸಿ, ಹೀಟರ್ ಎರಡೂ ಬೇಕು. ಅದಕ್ಕಿಂತ ಮುಖ್ಯವಾಗಿ, ಬಿಸಿಯಾಗದ ಹೀಟರ್ ಎಂಜಿನ್ನಿನ ಆರೋಗ್ಯದ ಸುಳಿವು. ಮೊದಲು ತಣ್ಣಗಿನ ಎಂಜಿನ್ನಿನಲ್ಲಿ ಕೂಲಂಟ್ ಮಟ್ಟ ನೋಡಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಎಂದೂ ತೆರೆಯಬಾರದು. ಹೀಟರಿಗೆ ಹೋಗುವ ಎರಡು ರಬ್ಬರ್ ಪೈಪುಗಳಲ್ಲಿ ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ಬಾಗಿಲಿನ ತಂತಿ ಕೆಟ್ಟಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕಾಕ್ ಮುಚ್ಚಿದೆ ಅಥವಾ ಕಾಯಿಲು ಕಟ್ಟಿದೆ. ಎರಡೂ ತಣ್ಣಗಿದ್ದರೆ ನೀರು ಕಡಿಮೆ, ಒಳಗೆ ಗಾಳಿ ಸಿಕ್ಕಿದೆ ಇಲ್ಲವೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಕಾಯಿಲು ಕಟ್ಟಲು ಮುಖ್ಯ ಕಾರಣ ಬೋರಿನ ನೀರು. ಗದಗ ಜಿಲ್ಲೆಯ ಹಲವು ಕಡೆ ಅಂತರ್ಜಲ ಲವಣ ತುಂಬಿದ ಗಡಸು ನೀರು; ರೇಡಿಯೇಟರಿಗೆ ಸುರಿದರೆ ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪದರ ಹೀಟರಿನ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಕೂಲಂಟ್, ಡಿಸ್ಟಿಲ್ಡ್ ನೀರು ದುಬಾರಿ ಎನ್ನುವವರು ರೇಡಿಯೇಟರಿನ ಬೆಲೆ ಕೇಳಿ ನೋಡಲಿ. ‘ಬಿಸಿಲ ನಾಡಿಗೆ ಥರ್ಮೋಸ್ಟಾಟ್ ಬ್ಯಾಡ’ ಎಂದು ಅದನ್ನು ಕಿತ್ತುಹಾಕುವ ರೂಢಿಯೂ ತಪ್ಪು. ಅದಿಲ್ಲದ ಎಂಜಿನ್ ಬೇಗ ಬಿಸಿಯಾಗದೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಕೊನೆಯ ಆಕ್ಷೇಪ, ಇಷ್ಟು ಹಳೆಯ ಗಾಡಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂಬುದು. ಬೇಕು, ಆದರೆ ನಿರೀಕ್ಷೆಯೂ ಗಾಡಿಗೆ ತಕ್ಕಂತಿರಬೇಕು. 796 ಸಿಸಿಯ ಸಣ್ಣ ಎಂಜಿನ್ ನಿಂತಲ್ಲಿ ನಿಧಾನ ತಿರುಗುವಾಗ ಕಂಪ್ರೆಸರನ್ನೂ ನಿಧಾನವಾಗಿಯೇ ತಿರುಗಿಸುತ್ತದೆ. ಬಿಸಿಲಲ್ಲಿ ನಿಂತ ಕಾರು ತಂಪಾಗಲು ಹೊತ್ತು ಹಿಡಿಯುವುದು ದೋಷವಲ್ಲ. 40 ಡಿಗ್ರಿಯ ಮಧ್ಯಾಹ್ನ ಓಡುವ ಗಾಡಿಯ ನಡುವಿನ ಕಿಂಡಿಯಲ್ಲಿ ಥರ್ಮಾಮೀಟರ್ 10ರಿಂದ 15 ಡಿಗ್ರಿ ತೋರಿಸಿದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಅಷ್ಟು ಸಿಗುತ್ತಿದ್ದರೆ ಗ್ಯಾರೇಜಿಗೆ ಹೋಗುವ ಅಗತ್ಯವೇ ಇಲ್ಲ, ಸಿಗದಿದ್ದರೆ ಮೇಲಿನ ದೋಷಗಳಲ್ಲಿ ಹೆಚ್ಚಿನವು ಸಣ್ಣ ಖರ್ಚಿನವು. ಅವಸರದ ಗಿರಾಕಿಗಳ ನಡುವೆ ಗ್ಯಾಸ್ ತುಂಬುವ ಮೆಕ್ಯಾನಿಕ್ ಮೋಸಗಾರನೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ನಾವು ಹೊತ್ತನ್ನೂ ಕೊಡುವುದಿಲ್ಲ, ದುಡ್ಡನ್ನೂ ಕೊಡುವುದಿಲ್ಲ. ಅದಕ್ಕೇ ಏಪ್ರಿಲ್‌ನ ನೂಕುನುಗ್ಗಲಿಗೆ ಕಾಯದೆ, ರಾಶಿ ಮುಗಿದ ವಾರದಲ್ಲೇ ಕಂಡೆನ್ಸರ್ ತೊಳೆದು, ಹೀಟರ್ ಕಡ್ಡಿ ಆ ತುದಿಯಿಂದ ಈ ತುದಿಗೆ ಸರಿಸಿ ನೋಡಿ, ಥರ್ಮಾಮೀಟರ್ ಇಟ್ಟು ಅಂಕಿ ಬರೆದಿಡಿ. ರೋಣಕ್ಕೋ ಗದಗಿಗೋ ಹುಬ್ಬಳ್ಳಿಗೋ ಗಾಡಿ ಒಯ್ದಾಗ ಆ ಅಂಕಿ, ಲಕ್ಷಣ ಯಾವಾಗ ಕಾಣಿಸುತ್ತದೆ ಎಂಬ ವಿವರ ಮೊದಲು ಹೇಳಿ. ತಪಾಸಣೆಗೆ ಪ್ರತ್ಯೇಕ ಕೂಲಿ ಕೊಡಲು ಹಿಂದೆಮುಂದೆ ನೋಡಬೇಡಿ. ಸೋರಿಕೆ ಎಲ್ಲಿ ಸಿಕ್ಕಿತು, ಎಷ್ಟು ಹೊತ್ತು ವ್ಯಾಕ್ಯೂಮ್ ಹಿಡಿಯಿತು, ಯಾವ ಗ್ಯಾಸು ಎಷ್ಟು ಗ್ರಾಂ ಹೋಯಿತು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಹಣ ಕೊಡಬೇಡಿ.